ಒಂದಿಟ್ಟಿಗೆಯ ದೂರ

ಗ್ರಿಮ್ಸ್‌ಬಿಯಲ್ಲಿ ಆ ವರ್ಷ ಮೀನು ಮುಗಿದಿತ್ತು.
ಐಸ್‌ಲ್ಯಾಂಡಿನ ಕಡಲು ಇನ್ನು ನಮ್ಮದಲ್ಲವೆಂದಾಗಿ
ಹಡಗುಗಳು ಕಟ್ಟಿದಲ್ಲೇ ತುಕ್ಕು ಹಿಡಿದವು.
ನನ್ನ ಲೆನ್ ಎಣ್ಣೆಬಾವಿ ಸೇರಿದ,
ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ.
ಹೊರಡುವ ಮುನ್ನ ಅಡಿಗೆಮನೆಯ ಮೇಜಿನ ಮೇಲಿಟ್ಟ,
ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ:
"ಅಮೆರಿಕದ್ದು. ಕಳ್ಳಮಾಲು. ಬೇಜಾರಾದಾಗ ಮಾತಾಡು."

ಯಾರ ಜೊತೆ ಅಂತ ಹೇಳಲಿಲ್ಲ.

ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತಿತ್ತು,
ಬೀದಿಯ ಅರ್ಧ ಚಿಮಣಿಗಳಲ್ಲಿ ಆಂಟೆನಾ ಮೊಳೆತಿತ್ತು.
ನನ್ನದಕ್ಕೆ ಒಂದು ಒದ್ದೆ ಟವೆಲ್ ಹಾಕಿ
ಬಟ್ಟೆ ಒಣಗಿಸುವ ಕಂಬ ಅನ್ನಿಸಿದ್ದೆ.
ನಿಜದ ಹೆಸರು ಹೇಳುವಂತಿಲ್ಲ. ನಾನು ಹೆರಿಂಗ್ ರಾಣಿ.
ರಾತ್ರಿ ಹನ್ನೊಂದಕ್ಕೆ, ಹದಿನಾಲ್ಕನೇ ಚಾನೆಲ್ಲಿನಲ್ಲಿ,
ಕೆಮ್ಮಿ, ಗಂಟಲು ಸರಿಮಾಡಿಕೊಂಡು ಬರುತ್ತಿದ್ದವನು
ಹಳೇ ಕೆಟಲ್.

ಎಲ್ಲಿಂದ? ಹಂಬರ್ ನದಿಯಾಚೆ, ಹಲ್‌ನಿಂದ, ಅಂದ.
ನಾನೇನು ಕಮ್ಮಿ? ಮೇಬಲ್‌ಥಾರ್ಪಿನಲ್ಲಿ ಕ್ಯಾರವಾನು,
ಕಿಟಕಿ ತೆರೆದರೆ ಸಮುದ್ರ, ಅಂದೆ.
ಸಿಗ್ನಲ್ಲಿನ ಮುಳ್ಳು ಬಲತುದಿಗೆ ಬಡಿದು ಅಲ್ಲೇ ಒರಗುತ್ತಿತ್ತು.
ನದಿ ದಾಟಿ ಬಂದ ದನಿಗೆ ಇಷ್ಟು ಕಸುವೇ, ಅಂತ
ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.
ಗ್ರೀನ್‌ಲ್ಯಾಂಡಿನಲ್ಲಿ ಹಗ್ಗದ ಮೇಲೆ ಬೆಳೆಯುವ ಹಿಮದ ಮಾತು,
ಟೀ ಎಷ್ಟು ಹೊತ್ತು ನೆನೆಯಬೇಕೆಂಬ ಜಗಳ,
ಒಮ್ಮೊಮ್ಮೆ ಏನೂ ಇಲ್ಲ, ಬರೀ ಗರಗರ,
ಆ ಗರಗರದಾಚೆ ಒಬ್ಬ ಮನುಷ್ಯನಿದ್ದಾನೆಂಬ ಬೆಚ್ಚಗೆ.

ಎರಡನೇ ಚಳಿಗಾಲ. ಗಾಳಿ ಜೋರಿತ್ತು, ಸದ್ದು ಏರಿಸಿದೆ.
ಪೆಟ್ಟಿಗೆ ಊಳಿಟ್ಟಿತು.
ಅವನ ಮಾತು ನನ್ನ ಸ್ಪೀಕರಿನಿಂದ ಗೋಡೆಗೆ,
ಗೋಡೆಯಿಂದ ಅವನ ಮೈಕಿಗೆ, ಮತ್ತೆ ನನ್ನಲ್ಲಿಗೆ,
ತನ್ನ ಬಾಲ ತಾನೇ ಕಚ್ಚಿಕೊಂಡ ನಾಯಿಯ ಹಾಗೆ.
ಗಡಬಡಿಸಿ ಸದ್ದು ಇಳಿಸಿದೆ. ಆಗ ಕೇಳಿತು,
ಒಲೆಯ ಪಕ್ಕದ ಗೋಡೆಯೊಳಗಿಂದ, ಮಂದವಾಗಿ:
"ನಿನ್ನ ಕಡೆಯೂ ಗಾಳಿಯೇ, ರಾಣಿ?"

ವಿಲ್ಫ್ ಸ್ಟ್ಯಾಂಪರ್. ಇಪ್ಪತ್ತಾರನೇ ನಂಬರು.
ಒಂಬತ್ತು ವರ್ಷದಿಂದ ನಮಗೂ ಅವನಿಗೂ ಮಾತಿಲ್ಲ.
ಒಂದು ಚರಂಡಿ ಕೊಳವೆ, ಲೆನ್ ಬಾಯಿಂದ ಒಂದು ಬೈಗುಳ,
ವಕೀಲರ ಎರಡು ಕಾಗದ.
ಗೋಡೆಗೂ ಕಿವಿ ಅನ್ನುತ್ತಾರೆ,
ನಮ್ಮ ಗೋಡೆಗೆ ಬಾಯಿಯೂ ಇತ್ತು.

ಗುಂಡಿ ಒತ್ತಿದೆ.
ಒತ್ತಿದಷ್ಟು ಹೊತ್ತು ಎದುರಿನ ದನಿ ಕೇಳುವುದಿಲ್ಲ,
ನಾವೇ ಏನಾದರೂ ಅನ್ನಬೇಕು, ಇಲ್ಲವೇ ಬೆರಳು ತೆಗೆಯಬೇಕು.
"ಹೌದು ಕೆಟಲ್," ಅಂದೆ. "ಕ್ಯಾರವಾನು ಅಲ್ಲಾಡುತ್ತಿದೆ."

ಬೆಳಿಗ್ಗೆ ಕಸದ ಡಬ್ಬಿ ಇಡುವಾಗ
ಅವನು ಆಕಾಶ ನೋಡಿದ. ನಾನು ಡಬ್ಬಿ ನೋಡಿದೆ.

ನವೆಂಬರಿನಲ್ಲಿ ಸರಕಾರ ಒಪ್ಪಿತು.
ಅಂಚೆಕಚೇರಿಯಲ್ಲಿ ಲೈಸೆನ್ಸು, ಉದ್ದದ ಸಾಲು.
ನನ್ನ ಬೆನ್ನ ಹಿಂದೆ ಅದೇ ಕೆಮ್ಮು.
ತಿರುಗಲಿಲ್ಲ. ಹೊರಡುವಾಗ ಯಾರೋ ಬಾಗಿಲು ಹಿಡಿದರು,
ತೋಳಿನ ಬಟ್ಟೆಯಷ್ಟೇ ಕಂಡಿತು.

ಆ ರಾತ್ರಿ ಅಂದ: "ಸಾಲಿನಲ್ಲಿ ನನ್ನ ಮುಂದೆ
ಪಕ್ಕದ ಮನೆಯವಳಿದ್ದಳು, ರಾಣಿ.
ಚೆನ್ನಾಗಿದ್ದೀಯಾ ಅಂತ ಕೇಳೋಣವೆಂದರೆ
ಹಾಳು ಬಾಯಿ ಏಳಲೇ ಇಲ್ಲ."
"ಹೋಗಲಿ ಬಿಡು," ಅಂದೆ, "ಒಂದು ಕೊಳವೆಯ ಜಗಳ,
ಈಗ ಯಾರಿಗೆ ನೆನಪು?"

ಬೆರಳು ತೆಗೆದ ಮೇಲೆ ಹೊಳೆಯಿತು:
ಕೊಳವೆಯ ಸುದ್ದಿ ಅವನು ನನಗೆಂದೂ ಹೇಳಿರಲಿಲ್ಲ.

ಮುಳ್ಳು ಬಿದ್ದೇ ಇತ್ತು.
ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು,
ನಲ್ಲಿ ತಿರುಗಿತು, ಒಲೆಯ ಮೇಲೆ ತಗಡಿನ ಸದ್ದು.
ಆಮೇಲೆ ಪೆಟ್ಟಿಗೆಯಿಂದ, ಗೋಡೆಯಿಂದ, ಒಟ್ಟಿಗೆ:
"ಟೆನ್ ಫೋರ್, ರಾಣಿ. ನಾಳೆ ಹನ್ನೊಂದಕ್ಕೆ."

ಇನ್ನೂ ಎರಡು ವರ್ಷ ಅವನು ಹಲ್‌ನಲ್ಲೇ ಇದ್ದ,
ನಾನು ಸಮುದ್ರದ ದಂಡೆಯಲ್ಲೇ.
ಹುಡುಗರು ಚಾನೆಲ್ಲಿಗೆ ನುಗ್ಗಿ ಸಿಳ್ಳೆ ಹಾಕತೊಡಗಿದಾಗ
ಇಪ್ಪತ್ತಾರಕ್ಕೆ ಹೋಗೋಣ ಅಂದವನು ಅವನೇ.

ಮೊಮ್ಮಗಳು ಕೇಳುತ್ತಾಳೆ, ಫೋನಿನಿಂದ ಕಣ್ಣೆತ್ತದೆ:
"ಬಾಗಿಲು ತಟ್ಟಿದ್ದರೆ ಆಗುತ್ತಿರಲಿಲ್ಲವೇ, ಅಜ್ಜಿ?"
ಆಗುತ್ತಿತ್ತು, ಮಗೂ.
ಒಳಗೆ ಬಂದು ಕೂರುತ್ತಿದ್ದ. ಟೀ ಕುಡಿಯುತ್ತಿದ್ದ.
ಏನು ಮಾತಾಡುತ್ತಿದ್ದೆವೋ, ಗೊತ್ತಿಲ್ಲ.