ಬರೀ ಬೆಲೆ ಹೇಳುವವರು

ಚಿನ್ನ ಅವನದು, ಕಲ್ಲು ನನ್ನದು.
ಖರ್ಚು ಹಾಗೆ ಹಂಚಿಕೊಂಡಿದ್ದೆವು ಎರಡು ವರ್ಷದ ಹಿಂದೆ,
ನಮ್ಮ ಕಾಲದವರಿಗೆ ತಕ್ಕಂತೆ, ಜಂಬದಿಂದ.
ಈಗ ಬಿಡಿಸಿಕೊಳ್ಳೋಣವೆಂದರೆ
ನಾಲ್ಕು ಕೊಕ್ಕೆಗಳೂ ಕಲ್ಲನ್ನು ಹಿಡಿದೇ ಇವೆ.

ಜಗಳವಾಡಿ ಬಿಟ್ಟವರಲ್ಲ ನಾವು.
ಜನವರಿಯ ಒಂದು ಸಂಜೆ ಗೋರೆಗಾಂವ್ ಬಸ್‌ಸ್ಟಾಪಿನಲ್ಲಿ
ಯಶೋಧರ ಹೇಳಿದ, ಆಗಲಿಕ್ಕಿಲ್ಲ ಅನಿಸುತ್ತೆ.
ನನಗೂ, ಅಂದೆ.
ಬಸ್ಸು ಬಂತು. ಇಬ್ಬರಿಗೂ ಸೀಟು ಸಿಕ್ಕಿತು.

ಉಳಿದದ್ದು ಉಂಗುರ.
ಮಾರಿ ಅವರವರ ಪಾಲು ಅವರವರಿಗೆ.
ಅವನ ಸೋದರಮಾವನ ಪರಿಚಯದ ಅಂಗಡಿ ನನಗೆ ಬೇಡ,
ನನ್ನ ಚಿಕ್ಕಮ್ಮನ ಖಾಯಂ ಅಂಗಡಿ ಅವನಿಗೆ ಬೇಡ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ,
ಮುರಿದ ಮದುವೆಯದ್ದು ಬಿಟ್ಟಾನೆಯೇ,
ಎಂದು ಅಮ್ಮ ಫೋನಿನಲ್ಲಿ.

ಮೊದಲ ಶನಿವಾರ ಝವೇರಿ ಬಜಾರು.
ಮುಂಬಾದೇವಿಯ ಬೆನ್ನಿಗಿರುವ ಓಣಿಯಲ್ಲಿ
ಒಬ್ಬ ಭೂತಗನ್ನಡಿ ಕಣ್ಣಿಗಿಡುವ ಮೊದಲೇ
ಕ್ಯಾಲ್ಕುಲೇಟರ್ ಒತ್ತಿ ನಮ್ಮತ್ತ ತಿರುಗಿಸಿದ.
ಇನ್ನೊಬ್ಬ, ಕಲ್ಲಿಗೆ ಲೆಕ್ಕವಿಲ್ಲ, ಚಿನ್ನಕ್ಕಷ್ಟೆ, ಅಂದ.
ನನ್ನ ಮುಖ ಬಿಸಿಯಾಯಿತು.
ಮೂರನೆಯವನು ಚಹಾ ತರಿಸಿ,
ಭಾಭಿಗೆ ಇದಕ್ಕಿಂತ ದೊಡ್ಡದು ತೋರಿಸೋ, ಎಂದು ಹುಡುಗನನ್ನು ಕೂಗಿದ.
ಭಾಭಿ ಅಲ್ಲ ಎಂದು ಇಬ್ಬರೂ ಹೇಳಲಿಲ್ಲ.
ಚಹಾ ಚೆನ್ನಾಗಿತ್ತು.

ಎರಡನೆಯ ಶನಿವಾರ ಒಪೇರಾ ಹೌಸ್.
ರಸ್ತೆಯಲ್ಲೇ ನಿಂತು ಕಾಗದದ ಪೊಟ್ಟಣ ಬಿಚ್ಚಿ
ಉಪ್ಪು ನೋಡಿದಂತೆ ವಜ್ರ ನೋಡುವವರ ನಡುವೆ
ನಮ್ಮ ಮೂವತ್ತು ಸೆಂಟಿನ ಕಲ್ಲು ಹಿಡಿದು ನಿಲ್ಲಲು ನಾಚಿಕೆಯಾಗಿ
ಪಾವ್ ಭಾಜಿ ತಿಂದು ವಾಪಸು.
ಅವನು ಲಿಂಬೆ ಹಿಂಡಿಕೊಳ್ಳುವುದಿಲ್ಲ.
ಎರಡು ವರ್ಷದಲ್ಲಿ ನಾನದನ್ನು ನೋಡಿರಲಿಲ್ಲ.

ಕೊಳ್ಳದ, ಮಾರದ, ಬರೀ ಬೆಲೆ ಹೇಳುವ ಒಬ್ಬರು ಬೇಕೆಂದು
ಯಾರು ಯಾರನ್ನೋ ಕೇಳಿ ಕೊನೆಗೆ ಸಿಕ್ಕಿದ್ದು
ಠಾಕುರ್‌ದ್ವಾರದ ಚಾಳು, ಎರಡನೆಯ ಮಾಳಿಗೆ,
ಹೊನ್ನಾವರ ಕಡೆಯ ಶಾಂತಾರಾಮ ರಾಯ್ಕರ್.
ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ
ಊರವರ ಅಡವಿನ ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿದವರು.
ಮೊನ್ನೆಯಷ್ಟೇ ಪೊರೆ ತೆಗೆಸಿದ್ದರು.
ಒಂದು ಕಣ್ಣು ಹೊಸದು, ನಿಮ್ಮ ಪುಣ್ಯ, ಅಂದರು.

ಯಾವುದಕ್ಕೆ ಬೇಕು ಬೆಲೆ?
ಮಾರಲಿಕ್ಕೆ ಒಂದು, ವಿಮೆಗೆ ಒಂದು,
ಪಾಲು ಮಾಡಲಿಕ್ಕಾದರೆ ಅದೇ ಬೇರೆ.

ವಿಮೆಗೆ, ಅಂದ ಯಶೋಧರ.
ನನ್ನ ಬಾಯಿಗೂ ಅದೇ ಬಂದಿತ್ತು.

ಸಾಬೂನು ನೀರಲ್ಲಿ ಅದ್ದಿ, ಹಳೆಯ ಬ್ರಶ್ಶಿನಲ್ಲಿ ಉಜ್ಜಿ,
ಬನಿಯನ್ನಿನ ಅಂಚಿಗೆ ಒರೆಸಿ ಕಿಟಕಿಗೆ ಹೋದರು.
ಕೆಳಗೆ ಯಾರೋ ಬೊಂಬಿಲ್ ಬೊಂಬಿಲ್ ಎಂದು ಕೂಗುತ್ತ ದಾಟಿದಳು.
ತುಂಬ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು.

ಚಿನ್ನ ಹದಿನೆಂಟು ಕ್ಯಾರೆಟ್ಟು, ರಸೀದಿಯಲ್ಲಿದ್ದ ಹಾಗೇ. ಮೋಸವಿಲ್ಲ.
ಕಲ್ಲು ನಿಜದ್ದು.
ಒಂದು ಗೆರೆಯಿದೆ, ಕೊಕ್ಕೆಯ ಅಡಿಗೆ, ಸೊಳ್ಳೆಯ ಕಾಲಿನಷ್ಟು.

ಲೋಕಲ್ಲಿನ ಕಂಬಿಗೆ ತಾಗಿಸಿದೆನೇನೋ, ಅಂದೆ.
ಇಲ್ಲ, ನಾನೇ ಒಮ್ಮೆ ಬೀಳಿಸಿದ್ದೆ, ಅಂದ ಅವನು,
ಅದು ನನಗೆ ಗೊತ್ತಿರಲಿಲ್ಲ.

ಛೆ ಛೆ. ಹುಟ್ಟುವಾಗಲೇ ಇದ್ದದ್ದು ಇದು.
ನೀವು ಯಾರೂ ಮಾಡಿದ್ದಲ್ಲ,
ಎಂದು ರಾಯ್ಕರ್ ಉಂಗುರವನ್ನು ತೂಕಕ್ಕಿಟ್ಟರು.

ಹೇಳಿದ ಬೆಲೆ ಇಬ್ಬರೂ ಅಂದುಕೊಂಡದ್ದಕ್ಕಿಂತ ಕಡಿಮೆ.
ಇಬ್ಬರೂ ನಂಬಿದೆವು.
ಬ್ಯಾಂಕಿನ ಹಳೆಯ ಚಲನ್ನಿನ ಬೆನ್ನಿಗೆ ದುಂಡಗೆ ಬರೆದು,
ಹೆಸರು? ಅಂದರು.
ಎರಡು ಹೆಸರು ಕೇಳಿ ನಡುವೆ ‘ಮತ್ತು’ ಹಾಕಿದರು.
ಮುನ್ನೂರು ರೂಪಾಯಿ; ಚಿಲ್ಲರೆಗಾಗಿ
ನನ್ನ ಪರ್ಸು, ಅವನ ಜೇಬು, ಎರಡೂ ಹುಡುಕಬೇಕಾಯಿತು.

ಚರ್ನಿ ರೋಡಿನಲ್ಲಿ, ಉಂಗುರ ನನ್ನ ಹತ್ತಿರ, ಚೀಟಿ ಅವನ ಹತ್ತಿರ,
ಲೇಡೀಸ್ ಡಬ್ಬಿ ನಿಲ್ಲುವ ಜಾಗದವರೆಗೆ ಜೊತೆಗೇ ನಡೆದ.
ಇನ್ನು ಕೊಳ್ಳುವವರನ್ನು ಹುಡುಕಬೇಕಲ್ಲ, ಅಂದ.
ಹೌದು. ಆದರೆ ಬರುವ ಶನಿವಾರ ನನಗೆ ಆಗುವುದಿಲ್ಲ.
ಅದರ ಮುಂದಿನದು?

ಬೋರಿವಲಿ ಸ್ಲೋ ಒಳಗೆ ಬರುತ್ತಿತ್ತು.
ನಾನು ಬೆರಳು ಮಡಚಿ ಎಣಿಸುತ್ತಿದ್ದೆ,
ಆವತ್ತು ಹಬ್ಬವೇನಾದರೂ ಇದೆಯೇ ಎಂದು.