ನಾಳೆ ಬಾ

ಅಕ್ಟೋಬರಿನ ಎರಡನೇ ವಾರ. ಹಾರ್ಷಮ್ ಊರಿನಾಚೆ
ಇಬ್ಬನಿ ಆರುವ ಮುಂಚೆ ಹೊಲಕ್ಕಿಳಿಯುತ್ತೇನೆ,
ಒಂದು ರಟ್ಟು, ಎರಡು ಪೆನ್ಸಿಲ್ಲು, ಅಂಚು ಹರಿದ ಟೋಪಿ.
ಎಲೆಗಳಿಗೆ ಅಂಕ ಹಾಕುವುದು ನನ್ನ ಉದ್ಯೋಗ.
ಇಲ್ಲಿಯ ಪರೀಕ್ಷೆ ತಿರುಗುಮುರುಗು:
ಸೊನ್ನೆ ಬಂದವನೇ ಶಾಲೆಗೆ ಮೊದಲು,
ನೂರು ಬಂದವನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ರೋಗ ತಂದವರೂ ನಾವೇ.
ಆಗಸ್ಟಿನಲ್ಲೊಂದು ಸಂಜೆ, ಗಾಳಿ ಬಿದ್ದ ಮೇಲೆ,
ತುಕ್ಕಿನ ಪುಡಿಯನ್ನು ತೆಳು ಎಣ್ಣೆಯಲ್ಲಿ ಕಲಸಿ
ಸಾಲುಗಳ ನಡುನಡುವೆ ಬಿತ್ತಿದ್ದ ಬಡಪಾಯಿ ತಳಿಯ ಮೇಲೆ
ಸಿಂಪಡಿಸಿ ಬಂದೆವು.
ಹತ್ತಿಸಿಕೊಂಡು, ಹರಡಿ, ಸಾಯುವುದಷ್ಟೇ ಅದರ ಪಾಲು.
ಅದಕ್ಕೆ ಅಂಕದ ಕಾಲಮ್ಮೇ ಇಲ್ಲ.
ಆದರೂ ಪಕ್ಕದಲ್ಲಿ ಹಾಯುವಾಗ
ಪೆನ್ಸಿಲ್ಲು ಒಂದು ಚಣ ತಡೆಯುತ್ತದೆ.

ಧಾರವಾಡದ ಕಡೆ ಇದನ್ನು ಭಂಡಾರ ರೋಗವೆನ್ನುತ್ತಾರೆ.
ಏಕೆಂದು ನನ್ನ ಪ್ಯಾಂಟು ಹೇಳೀತು:
ಯಾರೋ ಹರಕೆ ತೀರಿಸಿದ ಹಾಗೆ ಮೊಣಕಾಲತನಕ ಹಳದಿ.
ಗೇಟಿನ ಬಳಿ ಕಳಚಿ, ಚೀಲಕ್ಕೆ ತುರುಕಿ, ಬಾಯಿ ಕಟ್ಟಬೇಕು.
ಈ ದೇವರನ್ನು ಮನೆಗೆ ಒಯ್ಯುವಂತಿಲ್ಲ.

ಸಾಲು ಹದಿನೇಳು. ಮೂರು ವರ್ಷ ಸತತ ಸೊನ್ನೆ.
ಅದಕ್ಕೊಂದು ಹೆಸರಿಟ್ಟು, ಬಿಯರ್ ಕುಡಿದು,
ಫೋಟೊ ತೆಗೆಸಿಕೊಂಡಿದ್ದೆವು.
ಮುಖ ನೋಡಿ ಬಾಗಿಲು ಹಾಕುವ ಕಾವಲುಗಾರ
ಅದರ ಒಂದೊಂದು ಜೀವಕೋಶದಲ್ಲೂ ಇದ್ದ.
ಎಲ್ಲೋ ಒಂದು ಬೀಜಕ ಮೀಸೆ ಬೋಳಿಸಿಕೊಂಡು ಬಂತು.
ಇವನು ಗುರುತು ಹತ್ತದೆ, ಬನ್ನಿ ಒಳಗೆ, ಎಂದ.
ಈ ಬೆಳಿಗ್ಗೆ ಬರೆದದ್ದು: ಎಂಬತ್ತು.
ಎಂಟನ್ನು ಎರಡು ಸಲ ತೀಡಿದೆ, ಸುಮ್ಮನೆ.

ಸಾಲು ನಲವತ್ತೊಂದು.
ಮರ್ಲ್ ಟ್ರೆಲೋರ್ ನಿವೃತ್ತಳಾಗುವಾಗ
ಇಪ್ಪತ್ತಾರು ನೋಟ್‌ಬುಕ್ಕು ಕೊಟ್ಟು ಹೋದಳು.
ಎಲ್ಲದರಲ್ಲೂ ಈ ಸಾಲಿನೆದುರು ಒಂದೇ ಅಂಕ:
ಇಪ್ಪತ್ತು, ಇಪ್ಪತ್ತು, ಹದಿನೈದು,
ಮಳೆ ಹಿಡಿದ ವರ್ಷ ಮೂವತ್ತು, ಮತ್ತೆ ಇಪ್ಪತ್ತು.
ತಳಿ ತೆಗೆಯುವ ದೊಡ್ಡವರು ಬಂದು ನೋಡಿ
ಸುಮಾರು, ಅಂದು ಮುಂದೆ ಹೋಗುತ್ತಿದ್ದರಂತೆ.
ಮೊಳಕೆಯಲ್ಲಿ ಇದೂ ಎಲ್ಲರಂತೆ ರೋಗಿಷ್ಠ.
ಕೊನೆಯ ಎಲೆ ಬಿಚ್ಚುವ ಹೊತ್ತಿಗೆ ಬುದ್ಧಿ ಬರುತ್ತದೆ.
ಆ ಎಲೆಯ ತುದಿಯೋ, ಯಾರೋ ದೀಪಕ್ಕೆ ಹಿಡಿದಂತೆ ಸುಟ್ಟು ಕಂದು.
ತಾಳಿಕೆಗೆ ತೆತ್ತ ಸುಂಕ ಅದು, ಎಂದಿದ್ದಳು ಮರ್ಲ್,
ಇದು ಬೇಡ ಅನ್ನುವುದಿಲ್ಲ ನೋಡು,
ಆಮೇಲೆ, ಅನ್ನುತ್ತದೆ.

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ
ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು: ನಾಳೆ ಬಾ.
ರಾತ್ರಿ ಬರುವ ದೆವ್ವ ಅದನ್ನೋದಿ ತಿರುಗಿ ಹೋಗುವುದು,
ಮರುದಿನ ಬಂದು ಮತ್ತೆ ಅದನ್ನೇ ಓದುವುದು.
ಅಕ್ಷರ ಬಲ್ಲ ದೆವ್ವ, ಪಾಪ, ಮಾತಿಗೆ ಕಟ್ಟುಬಿದ್ದದ್ದು.
ಸಾಲು ನಲವತ್ತೊಂದರ ಪ್ರತಿ ಎಲೆಯೂ ಅಂಥ ಕದ.
ತುಕ್ಕು ನಾಳೆ ಬರುತ್ತದೆ, ಬಂದೇ ಬರುತ್ತದೆ,
ಒಂದಿಷ್ಟು ಜಾಗ ಗಿಟ್ಟಿಸುತ್ತದೆ, ನಾಳೆ ಮತ್ತಿಷ್ಟು.
ಅಷ್ಟರಲ್ಲಿ ತೆನೆಯೊಳಗೆ ಹಾಲು ಗಟ್ಟಿಯಾಗಿರುತ್ತದೆ.

ಈಗ ಪ್ರಯೋಗಾಲಯದ ಹುಡುಗರು
ಇಂಥ ಮೂರು ನಾಲ್ಕು ನಿಧಾನಗಳನ್ನು
ಒಂದೇ ಕಾಳಿಗೆ ಕೂಡಿಸುತ್ತಿದ್ದಾರೆ.
ನಿಧಾನಕ್ಕೆ ನಿಧಾನ ಸೇರಿದರೆ
ಹೆಚ್ಚುಕಡಿಮೆ ನಿಂತ ಹಾಗೆಯೇ.
ಬಾಳಿಕೆ ಬರುತ್ತದೆಯೇ ಎಂದು ಕೇಳುತ್ತಾರೆ ರೈತರು.
ಬಾಳಿಕೆ ಎಂಬುದು
ಹಿಂದಿರುಗಿ ನೋಡುವವರ ಶಬ್ದ,
ಮುಂದಕ್ಕೆ ಅದಿನ್ನೂ ಹುಟ್ಟಿಲ್ಲ.

ಮಂಡಿಯೂರಿ ಕೂತೆ. ಮೇಲೆ ಗುಲಾಬಿ ಎದೆಯ ಕಾಕಟೂಗಳ ಜಗಳ.
ಹತ್ತು ಎಲೆ ನೋಡಿದೆ. ಇಪ್ಪತ್ತು.
ಹನ್ನೊಂದನೆಯದರಲ್ಲಿ ಒಂದು ಪಟ್ಟೆ ಮಾತ್ರ
ಉಳಿದವಕ್ಕಿಂತ ತುಸು ಉದ್ದ, ತುಸು ಕೊಬ್ಬಿದ್ದು.
ಏನೂ ಇರಲಿಕ್ಕಿಲ್ಲ.
ಎಲೆ ಕಿತ್ತು, ಕಾಗದದ ಲಕೋಟೆಗೆ ಹಾಕಿ,
ತಾರೀಖು ಬರೆದು, ಜೇಬಿಗಿಳಿಸಿದೆ.

ಸಂಜೆ ದಿಂಬೂಲದಿಂದ ಮರ್ಲ್ ಫೋನು, ಪ್ರತಿ ಅಕ್ಟೋಬರಿನಂತೆ.
ಎಷ್ಟು?
ಇಪ್ಪತ್ತು.
ತುದಿ ಸುಟ್ಟಿದೆಯಾ?
ಸುಟ್ಟಿದೆ.
ಸರಿ ಹಾಗಾದರೆ, ಅಂದಳು, ತನ್ನ ಸೊಂಟದ ಆಪರೇಷನ್ನು,
ಈ ಸಲ ಹುಚ್ಚೆದ್ದು ಕಾಯಿ ಬಿಟ್ಟ ನಿಂಬೆಗಿಡ, ಎಲ್ಲ ಹೇಳಿದಳು.
ಲಕೋಟೆಯ ಮಾತು ನಾನು ಎತ್ತಲಿಲ್ಲ.