ಡ್ರಾಯರಿನಲ್ಲೊಂದು ಪೊಟ್ಟಣ

ಕೋಡಿಬಾಗದ ತಿರುವಿನಲ್ಲಿ ನಮ್ಮಂಗಡಿ.
ಕನ್ನಡಿ ಅಪ್ಪನ ಕಾಲದ್ದು, ಬೈತಖೋಲಿನಲ್ಲಿ
ಯಾವುದೋ ಹಡಗಿನಿಂದ ಇಳಿದದ್ದಂತೆ.
ಬಲಗಿವಿಯ ಮಟ್ಟದಲ್ಲಿ ಪಾದರಸ ಕಿತ್ತು
ಕೂತವರಿಗೆಲ್ಲ ಒಂದು ಕಿವಿ ಕಮ್ಮಿ.

ಅಜ್ಜನಿಗೆ ಅಂಗಡಿಯಿರಲಿಲ್ಲ. ಬಗಲಲ್ಲಿ ಹಡಪ,
ಹಿತ್ತಿಲಿನಿಂದ ಕೂಗು: ‘ಪುರ್ಸೊ ಬಂದೆ.’
ಅವನು ಜಗಲಿ ಹತ್ತುವಂತಿಲ್ಲ; ತಲೆಗಳೇ
ಇಳಿದು ಬರುತ್ತಿದ್ದವು ಹಲಸಿನ ಬುಡಕ್ಕೆ.
ಮುಂದೆ ಬೋಳು, ಹಿಂದೆ ಗಂಟು,
ಗಂಟಿನ ಗಾತ್ರ ನೋಡಿ ಮನೆತನ ಹೇಳುತ್ತಿದ್ದನಂತೆ.
ಕೂಲಿ ವರ್ಷಕ್ಕೆರಡು ಕೊಳಗ ಭತ್ತ,
ಮುಂಜಿಗೊಂದು ಪಂಚೆ.

ಒಂದು ಮುಸ್ಸಂಜೆ ತೆಲಂಗ ಮಾಸ್ತರು
ತಾವೇ ಬಂದರು ನಮ್ಮ ಗುಡಿಸಲಿಗೆ.
‘ಜುಟ್ಟು ತೆಗೆದುಬಿಡು.’
ಅಜ್ಜ ನಡುಗಿದ: ‘ಮನೆಯಲ್ಲಿ ಯಾರು ಹೋದರು?’
‘ಯಾರೂ ಇಲ್ಲವೋ, ಕ್ರಾಪು.’
ಬಿದ್ದದ್ದನ್ನು ಹಳೆಯ ಪೇಪರಿನಲ್ಲಿ ತಾವೇ ಸುತ್ತಿ
‘ಇಟ್ಟಿರು, ಮನಸ್ಸು ಬದಲಾದರೆ ಒಯ್ಯುತ್ತೇನೆ’ ಎಂದರು,
ಮತ್ತೆ ಅಂಟಿಸಬಹುದೆಂಬಂತೆ.
ಹೆಂಡತಿ ಎಂಟು ದಿನ ಬಡಿಸಲಿಲ್ಲವಂತೆ.
ತಿಂಗಳಿಗೊಮ್ಮೆ ಕ್ರಾಪಿಗೆ ಬಂದರು ಸಾಯುವ ತನಕ.
ಪೊಟ್ಟಣ ಕೇಳಲಿಲ್ಲ.

ಅಪ್ಪನ ಕಾಲಕ್ಕೆ ತಿರುಗುವ ಕುರ್ಚಿ.
ಮೇಲೆ ಕೋಟು, ಕೆಳಗೆ ಕಚ್ಚೆ, ಅದರ ಕೆಳಗೆ ಬೂಟು:
ಯಾರೂ ನಗಲಿಲ್ಲ, ಅದೇ ಆಗಿನ ಠೀವಿ.
ಬಿಳಿ ಟೋಪಿ ಬಂತು, ಬೆವರುಗೆರೆ ಬಿಟ್ಟು ಹೋಯಿತು.
ಆಮೇಲೆ ಬೆಲ್‌ಬಾಟಂ. ಟೇಲರ್ ಫೊಂಡು ಎಷ್ಟು ಅಗಲ ಬಿಟ್ಟನೆಂದರೆ
ಮೀನು ಮಾರ್ಕೆಟ್ಟಿನ ನೀರನ್ನೆಲ್ಲ
ಮೊಣಕಾಲ ತನಕ ಹೀರಿಕೊಂಡು ಮನೆಗೆ ಬರುತ್ತಿದ್ದೆವು,
ಬೆಕ್ಕು ಹಿಂದೆ.
ಆ ವರ್ಷ ನಾನೂ ಕಿವಿ ಮುಚ್ಚಿ ಬೆಳೆಸಿದ್ದೆ.
ಅಪ್ಪ ಕೇಳಿದ್ದು ಒಂದೇ: ‘ಊರೆಲ್ಲ ನಿನ್ನ ಹಾಗಾದರೆ
ಉಣ್ಣುವುದೇನು, ಕತ್ತರಿಯನ್ನೇ?’

ನೇವಿ ಬಂತು. ಸಾಲಾಗಿ ಹನ್ನೆರಡು ತಲೆ,
ಹರಿಯಾಣದ್ದೋ ಕೇರಳದ್ದೋ, ಮಷಿನ್ನಿಗೆ ಒಂದೇ.
ಮನೆತನ ಕೇಳುವ ಕೆಲಸವಿಲ್ಲ,
ನಂಬರು ಸಾಕು: ಎರಡು, ಇಲ್ಲವೇ ಮೂರು.

ಮೊನ್ನೆ ಭಾನುವಾರ ಒಬ್ಬ ಹುಡುಗ
ಮೊಬೈಲು ಎತ್ತಿ ಹಿಡಿದ. ಎರಡು ಬದಿ ಬೋಳು,
ನೆತ್ತಿಯಲ್ಲಿ ಉದ್ದ, ಹಿಂದಕ್ಕೆ ಗಂಟು.
‘ಲೇಟೆಸ್ಟ್ ಕಾಕಾ, ಬರುತ್ತದಾ ನಿಮಗೆ?’
ನಾನು ಹುಟ್ಟುವ ಮೊದಲೇ ಹೋದ ಅಜ್ಜ;
ಅವನ ಕೈ ನೋಡಿದವನಲ್ಲ ನಾನು.
ಆದರೂ ಕತ್ತಿ ಕಿವಿಯ ಬಳಿ ತಾನಾಗಿ ಹೊರಳಿತು.
ಗಂಟು ಬಿಗಿದೆ. ಒಂದು ಕಿವಿ ಕಮ್ಮಿಯಾದ ಕನ್ನಡಿಯಲ್ಲಿ
ಅವನು ತನ್ನನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿಕೊಂಡ.
ಇನ್ನೂರೈವತ್ತು ಫೋನಿಗೆ ಬಂತು, ಹೆಸರಿನ ಸಮೇತ:
ತೆಲಂಗ.

ಅವನ ಮೊಣಕಾಲಿಗೆ ತಾಗುತ್ತಿದ್ದದ್ದು ಆ ಡ್ರಾಯರ್.
ಪೇಪರು ಮುಟ್ಟಿದರೆ ಪುಡಿ. ಒಮ್ಮೆ ಬಿಚ್ಚಿದ್ದೆ:
ಒಳಗೆ ಕಪ್ಪೆಂದರೆ ಕಪ್ಪು.
ಮಾಸ್ತರ ತಲೆ ಕೊನೆಗೆ ಹತ್ತಿಯ ಹಾಗಿತ್ತಂತೆ,
ಇದಕ್ಕೆ ಸುದ್ದಿ ಮುಟ್ಟಿಲ್ಲ.

ಕೊಡಬೇಕೆಂದು ಕೈ ಹಾಕಿದೆ.
ಮಳೆಗಾಲ, ಮರ ಉಬ್ಬಿದೆ, ಡ್ರಾಯರ್ ಕದಲಲಿಲ್ಲ.
ಅವನಾಗಲೇ ಬೈಕಿನ ಮೇಲೆ,
ಗಂಟು ಕೆಡದ ಹಾಗೆ ಹೆಲ್ಮೆಟ್ಟನ್ನು
ಮೊಣಕೈಗೆ ಸಿಕ್ಕಿಸಿಕೊಂಡು:
‘ಮನೆಯಲ್ಲಿ ಬೈದರೆ ನಾಳೆಯೇ ಬರುತ್ತೇನೆ!’